ಬಿ.ಜಿ.ಕೆರೆಯ ಎರಡು ನಿಮಿಷ

ಅವನನ್ನು ಮಣ್ಣು ಮಾಡಿ ಖಬರಸ್ತಾನದಿಂದ ಹೊರಗೆ ಬಂದಾಗ ಚಳ್ಳಕೆರೆ ಬಸ್ ಸ್ಟ್ಯಾಂಡಿನ ಏಜೆಂಟರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟರು. ಸುತ್ತ ನಿಂತಿದ್ದ ಡ್ರೈವರು ಕಂಡಕ್ಟರುಗಳಿಗೆಲ್ಲ ಕೇಳುವ ಹಾಗೆ, “ಓನರ್ ಅಂದ್ರೆ ಹಿಂಗಿರ್ಬೇಕು ನೋಡ್ರಪ್ಪಾ. ಒಂದೂವರೆ ವರ್ಷ ಒಡಹುಟ್ಟಿದ ತಮ್ಮನ್ನ ಕರ್ಕಂಡು ಹೋದಂಗೆ ಆಸ್ಪತ್ರೆಗೆ ಕರ್ಕಂಡು ತಿರುಗಿದಾರೆ” ಎಂದರು. ನಾನು ತಲೆ ತಗ್ಗಿಸಿದೆ. ದುಃಖಕ್ಕೆ ತಗ್ಗಿಸಿದೆ ಎಂದುಕೊಂಡಿರಬೇಕು, ಯಾರೋ ಒಬ್ಬರು ನೀರಿನ ಬಾಟಲಿ ತಂದು ಕೈಗಿತ್ತರು. ಆ ಬಾಟಲಿ ಹಿಡಿದುಕೊಂಡು ನಿಂತಾಗ ನನಗೆ ಆದದ್ದು ದುಃಖವಲ್ಲ, ನಾಚಿಕೆ. ಅಷ್ಟು ಜನರ ಮಧ್ಯೆ ಬಟ್ಟೆಯಿಲ್ಲದೆ ನಿಂತ ಹಾಗಾಯಿತು. ಬಾಟಲಿಯನ್ನು ತೆರೆಯದೆ ಹಾಗೇ ವಾಪಸ್ಸು ಕೊಟ್ಟೆ.

ಆ ಏಜೆಂಟರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ನನ್ನ ಹೆಂಡತಿಗೆ ಅದು ಅರ್ಧ ಗೊತ್ತು. ಪೂರ್ತಿ ಗೊತ್ತಿದ್ದವನು ಅವನೊಬ್ಬನೇ. ಅವನೂ ಹೋದ ಮೇಲೆ ನಾನು ಆರಾಮವಾಗಿ ಒಳ್ಳೆಯವನು ಅನ್ನಿಸಿಕೊಂಡು ಓಡಾಡಬಹುದಿತ್ತು. ಆಗುತ್ತಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಅವನು ನನ್ನ ಬಸ್ಸಿನ ಕಂಡಕ್ಟರ್. ಹೆಸರು ಇಲ್ಲಿ ಬರೆಯುವುದಿಲ್ಲ. ತನ್ನ ಕಾಯಿಲೆಯ ಸುದ್ದಿ ಇನ್ನೊಬ್ಬರ ಬಾಯಲ್ಲಿ ಬರಬಾರದು ಎಂದು ಬದುಕಿದ್ದಷ್ಟು ದಿನವೂ ಕಾಪಾಡಿಕೊಂಡವನು. ರೂಟಿನವರೆಲ್ಲ ಭಾಯ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅಷ್ಟು ಸಾಕು.

ನಮ್ಮದು ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರದ ಮನೆ. ಅಪ್ಪನ ಹಾಗೆ ಮಂಡಿಯಲ್ಲಿ ದಿಂಬಿಗೆ ಒರಗಿ ಕೂರುವುದು ನನಗೆ ಒಗ್ಗಲಿಲ್ಲ. ಒಂದು ಬಸ್ಸು ಕೊಂಡು ಚಳ್ಳಕೆರೆಯಿಂದ ಮೊಳಕಾಲ್ಮುರು, ಅಲ್ಲಿಂದ ರಾಂಪುರ, ಮತ್ತೆ ವಾಪಸ್ಸು ಅಂತ ಪರ್ಮಿಟ್ ಮಾಡಿಸಿದೆ. ಡ್ರೈವರುಗಳು ಯಾರೂ ನನ್ನ ಹತ್ತಿರ ನಿಲ್ಲಲಿಲ್ಲ. ನನ್ನ ಬಾಯಿ ಅಂಥದ್ದು. ಕೊನೆಗೆ ನಾನೇ ಲೈಸೆನ್ಸ್ ಮಾಡಿಸಿ ಸ್ಟೇರಿಂಗ್ ಹಿಡಿದೆ. ಕಂಡಕ್ಟರುಗಳೂ ಅಷ್ಟೇ, ಮೂರು ತಿಂಗಳಿಗೊಬ್ಬ ಹೇಳದೆ ಕೇಳದೆ ಪರಾರಿ. ಇವನೊಬ್ಬ ಹದಿನಾಲ್ಕು ವರ್ಷ ನಿಂತ. ಹೇಗೆ ಸಹಿಸ್ತೀಯಾ ಎಂದು ಯಾರೋ ಕೇಳಿದ್ದಕ್ಕೆ, “ಅಣ್ಣನ ಬಾಯಿ ಹಾರ್ನ್ ಇದ್ದಂಗೆ. ಬಡ್ಕಂತೈತೆ, ಸುಮ್ನಾಗ್ತೈತೆ” ಅಂದನಂತೆ. ನನಗೆ ಆ ಮಾತು ಕೇಳಿ ಖುಷಿಯೇ ಆಗಿತ್ತು.

ಎತ್ತರದ ಆಳು, ಕಡ್ಡಿಯಂಥ ಮೈ, ಮೆಹಂದಿ ಹಚ್ಚಿದ ಗಡ್ಡ. ಫುಟ್‌ಬೋರ್ಡಿನ ಮೇಲೆ ಒಂದು ಕಾಲು, ಇನ್ನೊಂದು ಕಾಲು ಎಲ್ಲಿರುತ್ತಿತ್ತೋ ದೇವರಿಗೇ ಗೊತ್ತು. ಬಸ್ಸಿನ ಮೈಗೆ ಅಂಗೈಯಿಂದ ಒಂದು ಸಲ ಬಡಿದರೆ ನಿಲ್ಲಿಸು, ಎರಡು ಸಲ ಬಡಿದರೆ ಹೊರಡು. ಬಡಿತದಲ್ಲೇ ಅವನ ಮನಸ್ಸು ನನಗೆ ತಿಳಿಯುತ್ತಿತ್ತು. ತಳಕು ದಾಟುವವರೆಗೆ ಕನ್ನಡ, ಹಾನಗಲ್ ಕ್ರಾಸ್ ಬಂದರೆ “ಎಕ್ಕಂಡಮ್ಮಾ, ಬೇಗ ಎಕ್ಕಂಡಿ” ಎಂದು ತೆಲುಗು, ಗ್ಯಾರೇಜಿನವರ ಹತ್ತಿರ ಉರ್ದು. ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರೆ, ಮನೆಯಲ್ಲಿ ನನ್ನ ಹೆಂಡತಿ ಒಬ್ಬಳೇ ಮಾತಾಡೋದು ಎನ್ನುತ್ತಿದ್ದ.

ಇನ್ನೊಂದು ವಿಚಿತ್ರ ಗುಣವಿತ್ತು. ಎಲ್ಲರಿಗೂ ಕೋಪ ಬಂದರೆ ಮರ್ಯಾದೆ ಕಡಿಮೆಯಾಗುತ್ತದೆ, ಅವನಿಗೆ ಹೆಚ್ಚಾಗುತ್ತಿತ್ತು. ನನ್ನನ್ನು ಅಣ್ಣಾ, ನೀನು ಎಂದೇ ಮಾತಾಡಿಸುತ್ತಿದ್ದವನು, ಮನಸ್ಸಿಗೆ ನೋವಾದ ದಿನ ‘ರಿ’ ಹಚ್ಚುತ್ತಿದ್ದ. “ಹೊರಡೋಣ್ರಿ, ಟೈಮ್ ಆಯ್ತ್ರಿ” ಎಂದರೆ ಇವತ್ತು ಭಾಯ್ ಬಿಸಿಯಾಗಿದ್ದಾನೆ ಅಂತ ಅರ್ಥ. ಅಂಥ ದಿನ ನಾನೇ ಚಹಾ ಕೊಡಿಸಿ ಸರಿಮಾಡಿಕೊಳ್ಳುತ್ತಿದ್ದೆ.

ನಮ್ಮ ರೂಟು ಎಂದರೆ ಅರ್ಧ ಆಸ್ಪತ್ರೆ ರೂಟು. ಆ ಕಡೆ ಮೊಳಕಾಲ್ಮುರಿನ ಆಸ್ಪತ್ರೆ, ಈ ಕಡೆ ಚಳ್ಳಕೆರೆಯದು. ಬೆಳಗಿನ ಟ್ರಿಪ್ಪಿನಲ್ಲಿ ಸೊಂಟದ ಮೇಲೊಂದು ಮಗು, ಕೈಯಲ್ಲಿ ಹಳೆಯ ಚೀಟಿಗಳ ಪ್ಲಾಸ್ಟಿಕ್ ಕವರು ಹಿಡಿದ ಹೆಂಗಸರು ಹತ್ತುತ್ತಿದ್ದರು. ಭಾಯ್ ಅವರನ್ನು ಸ್ಟಾಪ್ ಇಲ್ಲದಿದ್ದರೂ ಆಸ್ಪತ್ರೆ ಗೇಟಿನ ಮುಂದೆಯೇ ಇಳಿಸುತ್ತಿದ್ದ. ಒಂದು ದಿನ ನನ್ನ ಪಕ್ಕದ ಬಾನೆಟ್ ಮೇಲೆ ಕೂತು ಹೇಳಿದ, “ಅಣ್ಣಾ, ಒಂದು ನೋಡಿದ್ಯಾ? ಹೆಂಗಸರು ಆಸ್ಪತ್ರೆಗೆ ಕೂತ್ಕಂಡು ಹೋಗ್ತಾರೆ. ಗಂಡಸರು ಮಲಕ್ಕಂಡು ಹೋಗ್ತಾರೆ.”

ನಾನು ನಕ್ಕುಬಿಟ್ಟೆ. ಆಮೇಲೆ ಲೆಕ್ಕ ಹಾಕಿದರೆ ಅದು ನಿಜ. ನಮ್ಮ ಬಸ್ಸಿನ ಹಿಂದಿನ ಉದ್ದ ಸೀಟಿನ ಮೇಲೆ ನಾಲ್ಕು ಜನ ಎತ್ತಿ ಮಲಗಿಸಿದವರೆಲ್ಲ ಗಂಡಸರೇ. ಎದೆ ಹಿಡಿದುಕೊಂಡವರು, ಬಾಯಿ ವಾರೆಯಾದವರು, ಸಕ್ಕರೆ ಕಾಯಿಲೆಯಲ್ಲಿ ಎಚ್ಚರ ತಪ್ಪಿದವರು. ಏನಾಗಿತ್ತು ಎಂದು ಕೇಳಿದರೆ ಜೊತೆಗೆ ಬಂದ ಹೆಂಡತಿ ಒಂದೇ ಮಾತು ಹೇಳುತ್ತಿದ್ದಳು, ತಿಂಗಳಿಂದ ಹೇಳ್ತಿದೀನಿ, ಕೇಳಲಿಲ್ಲ.

ದೊಡ್ಡಉಳ್ಳಾರ್ತಿ ಕಡೆಯ ಕುರಿ ಸಾಕುವವನೊಬ್ಬ ಒಮ್ಮೆ ಮೊಳಕಾಲ್ಮುರಿನ ತಂಗಿಯ ಮನೆಗೆ ಹೋಗಲು ಚಳ್ಳಕೆರೆಯಲ್ಲಿ ಹತ್ತಿದ. ಬಲಗಾಲಿಗೆ ಪ್ಲಾಸ್ಟಿಕ್ ಕವರು ಕಟ್ಟಿ, ಅದರ ಮೇಲೆ ಚಪ್ಪಲಿ ಹಾಕಿದ್ದ. ಮುಳ್ಳು ಚುಚ್ಚೈತೆ ಅಂದ. ಆ ವಾಸನೆ ನನ್ನ ಸೀಟಿನವರೆಗೆ ಬರುತ್ತಿತ್ತು. ಮೊಳಕಾಲ್ಮುರಿನ ಆಸ್ಪತ್ರೆ ಮುಂದೆ ಭಾಯ್ ಒಂದು ಬಡಿತ ಬಡಿದ. “ಇಳೀರಿ ಯಜಮಾನ್ರೇ, ನಿಮ್ ಸ್ಟಾಪು ಇದೇ.”

“ನನ್ ತಂಗಿ ಮನೆ ಇನ್ನೂ ಮುಂದೈತಲ್ಲೋ.”

“ತಂಗಿ ಮನೇಲಿ ಡಾಕ್ಟ್ರಿಲ್ಲ. ಈಗ ಇಳಿದ್ರೆ ಬೆರಳಲ್ಲಿ ಮುಗೀತೈತೆ. ಮುಂದಿನ ವಾರ ಇಳಿದ್ರೆ ಮೊಣಕಾಲಿಗೆ ಬರ್ತೈತೆ.”

ಅವನು ಇಳಿಯಲಿಲ್ಲ. ಭಾಯ್ ಅವನ ಬ್ಯಾಗನ್ನು ಎತ್ತಿಕೊಂಡು ತಾನೇ ಇಳಿದು ಆಸ್ಪತ್ರೆಯೊಳಗೆ ನಡೆದ. ಬ್ಯಾಗಿನ ಹಿಂದೆ ಮನುಷ್ಯ ಕುಂಟುತ್ತಾ ಹೋದ. ಚೀಟಿ ಮಾಡಿಸಿ, ನರ್ಸಮ್ಮನ ಕೈಗೆ ಒಪ್ಪಿಸಿ ಬರುವಷ್ಟರಲ್ಲಿ ಹನ್ನೊಂದು ನಿಮಿಷ. ಅಷ್ಟೂ ಹೊತ್ತು ನಾನು ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಹತ್ತಿದ ಮೇಲೆ ಬಾಯಿಗೆ ಬಂದಂತೆ ಬೈದೆ. “ಬೈಯ್ಯಿ ಅಣ್ಣಾ, ಒಂದ್ ಕಾಲು ಉಳೀತು” ಎಂದ. ಎರಡು ಬೆರಳು ಹೋಗಿ ಕಾಲು ಉಳಿಯಿತು. ಆ ಕುರಿಯವನು ಆಮೇಲೆ ನಮ್ಮ ಬಸ್ಸು ಹತ್ತಿದಾಗಲೆಲ್ಲ ಚಪ್ಪಲಿ ಬಿಚ್ಚಿ, ಉಳಿದ ಮೂರು ಬೆರಳನ್ನು ಪಕ್ಕದವರಿಗೆ ತೋರಿಸಿಯೇ ಕೂರುತ್ತಿದ್ದ.

ಇಷ್ಟೆಲ್ಲ ತಿಳಿದ ಮನುಷ್ಯ. ಮುಂದಿನದನ್ನು ಓದುವವರು, ಹಾಗಾದರೆ ತನ್ನ ವಿಷಯಕ್ಕೆ ಬುದ್ಧಿ ಎಲ್ಲಿ ಹೋಗಿತ್ತು ಎಂದು ಅವನನ್ನು ಬೈಯಬಾರದು. ಬೈಯುವುದಿದ್ದರೆ ಬೇರೆಯವನಿದ್ದಾನೆ.

ಅವನ ಸೀಟಿನ ಕೆಳಗೆ ಎರಡು ಬಾಟಲಿ ಇರುತ್ತಿದ್ದವು. ಒಂದು ಕುಡಿಯುವ ನೀರಿನದು, ಇನ್ನೊಂದು ಮೂತ್ರಕ್ಕೆ ಹೋದಾಗ ತೊಳೆದುಕೊಳ್ಳಲು. ನಮ್ಮ ಹಾಗೆ ಗಾಡಿ ನಿಂತ ಕಡೆ ಚಕ್ರದ ಮರೆಯಲ್ಲಿ ನಿಂತು ಮುಗಿಸುವವನಲ್ಲ. ದೂರ ಹೋಗಿ, ಜಾಲಿ ಮರೆಯಲ್ಲಿ ಕೂತು, ತೊಳೆದುಕೊಂಡು ಬರಬೇಕು. ಮೊದಲೆಲ್ಲ ಅದು ಮೊಳಕಾಲ್ಮುರಿನಲ್ಲಿ ಒಂದು ಸಲ, ಅಲ್ಲಿ ಬಸ್ಸು ಹೇಗೂ ನಿಲ್ಲುತ್ತದೆ. ಐವತ್ತು ದಾಟಿದ ಮೇಲೆ ನಡುವೆ ಬಿ.ಜಿ.ಕೆರೆಯಲ್ಲೂ ಇಳಿಯತೊಡಗಿದ. ಸ್ವಲ್ಪ ದಿನಕ್ಕೆ ತಳಕಿನಲ್ಲೂ ಇಳಿದ. ಹೋದವನು ಬೇಗ ಬರುತ್ತಿರಲಿಲ್ಲ. ಬಂದರೂ ಮುಖದಲ್ಲಿ ಹೋಗಿ ಬಂದವನ ಸಮಾಧಾನ ಇರುತ್ತಿರಲಿಲ್ಲ.

ಖಾಸಗಿ ಬಸ್ಸಿನವರಿಗೆ ನಿಮಿಷ ಎಂದರೆ ಏನು ಎಂದು ಹೇಳಬೇಕು. ನಮ್ಮ ಹಿಂದೆ ಏಳು ನಿಮಿಷಕ್ಕೆ ಇನ್ನೊಬ್ಬರ ಗಾಡಿ ಇತ್ತು. ತಳಕಿನಲ್ಲಿ ಎರಡು ನಿಮಿಷ ಹೆಚ್ಚು ನಿಂತು, ಬಿ.ಜಿ.ಕೆರೆಯಲ್ಲಿ ಎರಡು ನಿಂತು, ಜನ ಹತ್ತುವಾಗ ಇನ್ನೊಂದೆರಡು ಹೋದರೆ ಆ ಗಾಡಿ ನಮ್ಮ ಬೆನ್ನಿಗೆ ಬಂದು, ಮುಂದೆ ದಾಟಿ, ಹಾನಗಲ್ ಕ್ರಾಸಿನಲ್ಲಿ ಕಾದಿರುವ ಜನರನ್ನೆಲ್ಲ ಎತ್ತಿಕೊಂಡು ಹೋಗುತ್ತದೆ. ಕನ್ನಡಿಯಲ್ಲಿ ಆ ಗಾಡಿಯ ಮುಂಭಾಗ ಕಂಡರೆ ನನಗೆ ಮೈಮೇಲೆ ಬಂದಂತಾಗುತ್ತಿತ್ತು.

ಅದಕ್ಕೇ ಹಾರ್ನ್ ಹೊಡೆಯುತ್ತಿದ್ದೆ. ಸುಮ್ಮನೆ ಹೊಡೆದಿದ್ದರೆ ಒಂದು ಮಾತು. ಜನರನ್ನು ನಗಿಸಲು ತಲೆ ಹೊರಗೆ ಹಾಕಿ, “ಏನ್ಲೇ ಭಾಯ್, ರೇಡಿಯೇಟರ್ ಲೀಕಾ?” ಎಂದು ಕೂಗುತ್ತಿದ್ದೆ. ಬಸ್ಸೆಲ್ಲ ನಗುತ್ತಿತ್ತು. ಅವನೂ ನಗುತ್ತಲೇ ಓಡಿಬಂದು, ಕರ್ಚೀಫಿನಲ್ಲಿ ಕೈ ಒರೆಸಿಕೊಂಡು ಎರಡು ಬಡಿತ ಬಡಿಯುತ್ತಿದ್ದ. ಒಂದು ದಿನ ಹಾಗೆ ಓಡಿ ಬಂದವನ ಪ್ಯಾಂಟಿನ ಮೇಲೆ ಅಂಗೈಯಗಲ ಒದ್ದೆ. ಟಿಕೆಟ್ ಬ್ಯಾಗನ್ನು ಬಗಲಿನಿಂದ ಮುಂದಕ್ಕೆ ಎಳೆದುಕೊಂಡು, ರಾಂಪುರದವರೆಗೂ ಹಾಗೇ ಅಡ್ಡ ಹಿಡಿದುಕೊಂಡೇ ಟಿಕೆಟ್ ಹರಿದ. ನಾನು ಕನ್ನಡಿಯಲ್ಲಿ ನೋಡಿದೆ. ನೋಡಿದೆ ಎಂದು ಅವನಿಗೂ ಗೊತ್ತಾಯಿತು. ಮಾರನೆಯ ದಿನವೂ ನಾನು ಹಾರ್ನ್ ಹೊಡೆದೆ.

ಈಗ ನನ್ನ ವಿಷಯ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಮೂರು ವರ್ಷದ ಹಿಂದೆ ನನಗೂ ಅದೇ ಶುರುವಾಯಿತು. ಹೋಗಬೇಕು ಅನ್ನಿಸುತ್ತದೆ, ನಿಂತರೆ ಬರುವುದಿಲ್ಲ. ಬಂದರೆ ಹನಿ ಹನಿ. ಒಂದು ಬೆಳಿಗ್ಗೆ ಪೂರ್ತಿ ಕಟ್ಟಿಕೊಂಡು, ಅರ್ಧ ಗಂಟೆ ಬಚ್ಚಲಲ್ಲಿ ಗೋಡೆ ಹಿಡಿದು ನಿಂತು, ಹೇಗೋ ಬಿಟ್ಟಿತು. ಜೀವ ಹೋದಷ್ಟು ಹೆದರಿದೆ. ಚಳ್ಳಕೆರೆಯಲ್ಲಿ ತೋರಿಸಿದರೆ ಕಾಂಪೌಂಡರಿನಿಂದ ಹಿಡಿದು ಮೆಡಿಕಲ್ ಶಾಪಿನವರ ತನಕ ಎಲ್ಲರೂ ಪರಿಚಯದವರು. ಬಸ್ಸನ್ನು ಒಂದು ದಿನ ನಿಲ್ಲಿಸಿ, ಟೈರು ನೋಡಲು ಹೋಗುತ್ತೇನೆ ಎಂದು ಮನೆಯಲ್ಲೂ ಭಾಯ್‌ಗೂ ಹೇಳಿ ದಾವಣಗೆರೆಗೆ ಹೋದೆ. ಆ ಡಾಕ್ಟರು ನೋಡಿ, ಸ್ಕ್ಯಾನ್ ಮಾಡಿಸಿ, “ಪ್ರಾಸ್ಟೇಟ್ ಗ್ರಂಥಿ ಊದಿದೆ, ಈ ವಯಸ್ಸಿನ ಗಂಡಸರಿಗೆ ಬರುವಂಥದ್ದೇ. ದಿನಾ ಒಂದು ಮಾತ್ರೆ ತಗೊಳ್ಳಿ” ಎಂದರು. ಎದ್ದು ಬರುವಾಗ ಇನ್ನೊಂದು ಮಾತು ಹೇಳಿದರು. “ಬೇಗ ಬಂದಿರಿ, ಒಳ್ಳೇದಾಯ್ತು. ಎಷ್ಟೋ ಜನ ಕಿಡ್ನಿ ಹಾಳಾದ ಮೇಲೆ ಬರ್ತಾರೆ.”

ಆ ಮಾತು ಕೇಳಿದ ಕ್ಷಣವೇ ನನ್ನ ಕಣ್ಣ ಮುಂದೆ ಬಂದದ್ದು ಭಾಯ್, ಬಿ.ಜಿ.ಕೆರೆಯ ಜಾಲಿ ಮರೆಯಿಂದ ಓಡಿ ಬರುತ್ತಿರುವ ಭಾಯ್. ತಿಳಿಯದೆ ತಪ್ಪು ಮಾಡಿದೆ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ. ದಾವಣಗೆರೆಯಿಂದ ಬರುವ ದಾರಿಯುದ್ದಕ್ಕೂ ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೇ ಬಂದೆ.

ಮಾರನೆಯ ಬೆಳಿಗ್ಗೆ ಅವನು ಕೇಳಿದ, “ಎಲ್ಲಿ ಅಣ್ಣಾ ಟೈರು?”

“ಸರಿಯಾದ್ದು ಸಿಗಲಿಲ್ಲ ಬಿಡೋ” ಎಂದೆ.

ಯಾಕೆ ಹೇಳಲಿಲ್ಲ? ಇಡೀ ಬಸ್ಸಿನ ಮುಂದೆ ರೇಡಿಯೇಟರ್ ಲೀಕಾ ಎಂದು ನಗಾಡಿದವನು ನಾನು. ಈಗ ನನ್ನದೂ ಲೀಕು ಎಂದು ಯಾವ ಬಾಯಲ್ಲಿ ಹೇಳುವುದು? ಭಾಯ್ ಯಾರಿಗೂ ಹೇಳುವವನಲ್ಲ ಎಂದು ಗೊತ್ತಿತ್ತು. ಆದರೂ ಬಸ್ ಸ್ಟ್ಯಾಂಡು ಎಂದರೆ ಬಸ್ ಸ್ಟ್ಯಾಂಡು. ಸೊಂಟದ ಕೆಳಗಿನ ಕಾಯಿಲೆ ಎಂದರೆ ನಮ್ಮ ಜನ ಮೊದಲು ಯೋಚಿಸುವುದೇ ಬೇರೆ, ಆಮೇಲೆ ಗಂಡಸುತನದ ತನಕ ಹೋಗುತ್ತಾರೆ. ಮಾತ್ರೆಯ ಪಟ್ಟಿಯನ್ನು ಮನೆಯಲ್ಲೂ ಇಡಲಿಲ್ಲ. ಹೆಂಡತಿ ಒಮ್ಮೆ ಜೇಬಿನಲ್ಲಿ ನೋಡಿದಾಗ ಗ್ಯಾಸಿನದು ಎಂದಿದ್ದೆ, ಅವಳು ಪೂರ್ತಿ ನಂಬಿದಂತೆ ಕಾಣಲಿಲ್ಲ. ಆಮೇಲೆ ಬಸ್ಸಿನ ಕ್ಯಾಬಿನ್ನಿನಲ್ಲಿ ಶಿವನ ಫೋಟೋ ಹಿಂದೆ ಸಿಕ್ಕಿಸಿಟ್ಟೆ. ಸಂಜೆ ಕೊನೆಯ ಟ್ರಿಪ್ಪು ಮುಗಿಸಿ, ಎಲ್ಲರೂ ಇಳಿದ ಮೇಲೆ ಒಂದು ನುಂಗಿ ಮನೆಗೆ ಹೋಗುವುದು. ಹದಿನೈದು ದಿನದಲ್ಲಿ ನನಗೆ ಆರಾಮವಾಯಿತು. ಎಷ್ಟು ಸುಲಭದ ಕೆಲಸ ಎಂದು ಆಶ್ಚರ್ಯಪಟ್ಟದ್ದೂ ನೆನಪಿದೆ.

ಸ್ವಲ್ಪ ದಿನ ಹಾರ್ನ್ ಹೊಡೆಯುವುದನ್ನು ಬಿಟ್ಟೆ. ಅಷ್ಟರಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾಯಿತು. ನಮ್ಮ ಬಸ್ಸಿನ ಅರ್ಧ ಸೀಟು ಖಾಲಿ. ಇದ್ದಬದ್ದ ಗಂಡಸರನ್ನಾದರೂ ಹಿಡಿಯಬೇಕು ಎಂದು ಹಿಂದಿನ ಗಾಡಿಯವರೂ ನಾವೂ ಜಿದ್ದಿಗೆ ಬಿದ್ದೆವು. ಮತ್ತೆ ನನಗೆ ಮೊದಲಿನ ಹುಚ್ಚು ಹತ್ತಿತು. ಒಂದು ದಿನ ಬಿ.ಜಿ.ಕೆರೆಯಲ್ಲಿ ಆ ಗಾಡಿ ನಮ್ಮನ್ನು ದಾಟಿ ಹೋದಾಗ, ಓಡಿಬಂದ ಭಾಯ್ ಮುಖಕ್ಕೇ ಹೇಳಿದೆ. “ನೀರು ಕಮ್ಮಿ ಕುಡಿಯೋ. ಒಳಗೆ ಹಾಕಿದ್ರೆ ತಾನೇ ಹೊರಗೆ ಬರೋದು?”

ಡಾಕ್ಟರ ಮಾತು ಕೇಳಿಸಿಕೊಂಡು ಬಂದ ಕಿವಿಯಿಟ್ಟುಕೊಂಡು ಆಡಿದ ಮಾತಿದು. ಮಾರನೆಯ ದಿನದಿಂದ ಅವನು ಬೆಳಿಗ್ಗೆ ಮನೆ ಬಿಟ್ಟರೆ ಮಧ್ಯಾಹ್ನದ ಊಟದವರೆಗೆ ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ನಮ್ಮ ಸೀಮೆಯ ಬಿಸಿಲು ಗೊತ್ತಿದ್ದವರಿಗೆ ಗೊತ್ತು, ಏಪ್ರಿಲ್ ತಿಂಗಳಲ್ಲಿ ಕ್ಯಾಬಿನ್ನಿನ ರಾಡು ಕೈಗೆ ಅಂಟುತ್ತದೆ. ತುಟಿ ಒಡೆದು ಸಿಪ್ಪೆ ಏಳುತ್ತಿತ್ತು. ಕುಡಿಯುವ ನೀರಿನ ಬಾಟಲಿಯನ್ನು ಬಾಯಾರಿ ಅಳುವ ಮಕ್ಕಳ ತಾಯಂದಿರಿಗೆ ಕೊಟ್ಟುಬಿಡುತ್ತಿದ್ದ. “ಈಗ ನನಗೆ ವರ್ಷವೆಲ್ಲಾ ರಂಜಾನ್ ಅಣ್ಣಾ” ಎಂದು ನಕ್ಕ. ಬಿ.ಜಿ.ಕೆರೆಯಲ್ಲಿ ಇಳಿಯುವುದು ನಿಂತಿತು. ಟೈಮು ಸರಿಹೋಯಿತು. ಬೆನ್ನು ತಟ್ಟಿ ಶಹಭಾಸ್ ಎಂದೆ.

ಆ ವರ್ಷದ ರಂಜಾನ್ ಹಬ್ಬಕ್ಕೆ ಅವನ ಮನೆಗೆ ಹೋಗಿದ್ದೆ. ಅವನು ಅಂಗಡಿಗೆಂದು ಹೊರಗೆ ಹೋದಾಗ ಅವನ ಹೆಂಡತಿ ಸುರ್‌ಕುರ್ಮಾ ಪಾಯಸದ ಬಟ್ಟಲು ಮುಂದಿಟ್ಟು ಮೆಲ್ಲಗೆ ಹೇಳಿದಳು. “ಅಣ್ಣಾ, ಮಲಗಿದ್ದೋರು ಹತ್ತು ಸಲ ಏಳ್ತಾರೆ. ಬಚ್ಚಲಲ್ಲಿ ನೋವು ತಿಂತಾರೆ, ನನಗೆ ಕೇಳಿಸ್ತೈತೆ. ಡಾಕ್ಟ್ರ ಹತ್ರ ಹೋಗು ಅಂದ್ರೆ ಸಿಟ್ಟು. ನಿಮ್ಮ ಮಾತು ಅಂದ್ರೆ ಕೇಳ್ತಾರೆ. ನೀವ್ ಒಂದ್ ಮಾತು ಹೇಳ್ರಿ.”

“ಹೇಳ್ತೀನಮ್ಮಾ” ಎಂದೆ. ಬಟ್ಟಲು ಖಾಲಿ ಮಾಡಿದೆ. ಹೇಳಲಿಲ್ಲ.

ಕೊನೆಗೆ ಅವನೇ ಕೇಳಿದ. ಮೊಳಕಾಲ್ಮುರು ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನದ ಟ್ರಿಪ್ಪಿಗೆ ಹತ್ತು ನಿಮಿಷ ಇತ್ತು. ಚಹಾದಂಗಡಿಯ ಬೆಂಚಿನ ಮೇಲೆ ನಾವಿಬ್ಬರೇ. ಚಹಾ ಬಂತು, ಅವನು ಮುಟ್ಟಲಿಲ್ಲ.

“ಅಣ್ಣಾ, ಒಂದ್ ಕೇಳ್ತೀನಿ. ತಪ್ಪು ತಿಳ್ಕಾಬೇಡ.”

“ಏನೋ?”

“ನಿನಗೆ ಯಾವತ್ತಾದ್ರೂ ಹಿಂಗೆ… ಒಂದಕ್ಕೆ ಹೋಗೋಕೆ ಕಷ್ಟ ಆಗೈತಾ? ಬಂದಂಗಾಗಿ ಬರದೇ ಇರೋದು?”

ಅವನು ನನ್ನ ಮುಖ ನೋಡುತ್ತಿರಲಿಲ್ಲ. ಲೋಟದ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದ. ಹತ್ತು ಹೆಜ್ಜೆ ದೂರದಲ್ಲಿ ನಮ್ಮ ಬಸ್ಸು, ಅದರೊಳಗೆ ಶಿವನ ಫೋಟೋ, ಅದರ ಹಿಂದೆ ನನ್ನ ಮಾತ್ರೆ. ನಾನು ಜೋರಾಗಿ ನಕ್ಕೆ.

“ನನಗ್ಯಾಕೋ ಆಗ್ತೈತೆ? ಕಲ್ಲು ಇದ್ದಂಗಿದೀನಿ. ನಿನಗೆ ವಯಸ್ಸಾಯ್ತು ಬಿಡು.”

ನನಗಿಂತ ಅವನು ಮೂರು ವರ್ಷ ಚಿಕ್ಕವನು. ತಲೆಯೆತ್ತಿ ನನ್ನನ್ನೇ ನೋಡಿದ. ಆಮೇಲೆ ಎದ್ದು ನಿಂತ.

“ಸರಿ ಬಿಡ್ರಿ. ಟೈಮ್ ಆಯ್ತ್ರಿ, ಹೊರಡೋಣ್ರಿ” ಎಂದ.

ಮೂರು ಸಲ ‘ರಿ’ ಎಂದ. ಕೇಳಿಸಿತು. ಚಹಾ ಕೊಡಿಸಿ ಸರಿಮಾಡುವಂಥದ್ದಲ್ಲ ಎಂದೂ ಗೊತ್ತಾಯಿತು. ಹೋಗಿ ಸ್ಟೇರಿಂಗ್ ಹಿಡಿದು ಕೂತೆ.

ಅದಾಗಿ ನಾಲ್ಕು ತಿಂಗಳಿಗೆ ಒಂದು ಬೆಳಿಗ್ಗೆ ಹಾನಗಲ್ ಕ್ರಾಸ್ ಹತ್ತಿರ, ಯಾವ ಸ್ಟಾಪೂ ಇಲ್ಲದ ಕಡೆ, ಬಸ್ಸಿನ ಮೈಗೆ ಒಂದು ಬಡಿತ ಕೇಳಿಸಿತು. ಮೆತ್ತಗಿನ ಬಡಿತ. ಕನ್ನಡಿ ನೋಡಿದರೆ ಭಾಯ್ ರಾಡು ಹಿಡಿದುಕೊಂಡೇ ಕೆಳಗೆ ಜಾರುತ್ತಿದ್ದ. ಮುಖ ಊದಿತ್ತು, ಚಪ್ಪಲಿಯ ಪಟ್ಟಿ ಪಾದದೊಳಗೆ ಹೂತಿತ್ತು. ಎರಡು ದಿನದಿಂದ ಒಂದು ತೊಟ್ಟೂ ಹೋಗಿರಲಿಲ್ಲವಂತೆ. ನಾನೂ ಮೂವರು ಪ್ಯಾಸೆಂಜರುಗಳೂ ಸೇರಿ ಎತ್ತಿ ಹಿಂದಿನ ಉದ್ದ ಸೀಟಿನ ಮೇಲೆ ಮಲಗಿಸಿದೆವು. ಆಗಲೂ ಅವನು ನನ್ನ ಕೈ ಹಿಡಿದು, ಉಬ್ಬಿದ ಮುಖದಲ್ಲೇ ನಗುವಂತೆ ಮಾಡಿ, “ಮಲಕ್ಕಂಡೇ ಹೊಂಟೆ ನೋಡಣ್ಣಾ” ಎಂದ.

ಮೊಳಕಾಲ್ಮುರಿನಲ್ಲಿ ಟ್ಯೂಬು ಹಾಕಿ, ಆಂಬುಲೆನ್ಸಿನಲ್ಲಿ ಬಳ್ಳಾರಿಗೆ ಕಳಿಸಿದರು. ಬಸ್ಸನ್ನು ಅಲ್ಲೇ ಬಿಟ್ಟು ನಾನೂ ಹತ್ತಿದೆ. ಬಳ್ಳಾರಿಯ ಡಾಕ್ಟರು ಎಷ್ಟು ದಿನದಿಂದ ತೊಂದರೆ ಎಂದು ಕೇಳಿದರು. “ಮೊನ್ನೆಯಿಂದ ಸಾರ್” ಎಂದ ಭಾಯ್. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಮೂತ್ರ ಹಿಂದಕ್ಕೆ ಒತ್ತಿ ಒತ್ತಿ ಎರಡೂ ಕಿಡ್ನಿ ಹೋಗಿವೆ ಎಂದರು. ವರ್ಷದ ಹಿಂದೆ ಬಂದಿದ್ದರೆ ಮಾತ್ರೆಯಲ್ಲಿ, ಹೆಚ್ಚೆಂದರೆ ಒಂದು ಸಣ್ಣ ಆಪರೇಷನ್ನಿನಲ್ಲಿ ಮುಗಿಯುತ್ತಿತ್ತು ಎಂದರು.

ಆಮೇಲೆ ಒಂದೂವರೆ ವರ್ಷ ವಾರಕ್ಕೆರಡು ದಿನ ಡಯಾಲಿಸಿಸ್. ಬಸ್ಸಿಗೆ ಬೇರೆ ಡ್ರೈವರ್ ಇಟ್ಟು ನನ್ನ ಕಾರಿನಲ್ಲಿ ನಾನೇ ಕರೆದುಕೊಂಡು ಹೋಗಿ ಬರುತ್ತಿದ್ದೆ. ಊರಿನವರಿಗೆ ಕಿಡ್ನಿ ಹೋಗಿದೆ ಎಂದಷ್ಟೇ ಗೊತ್ತು, ಯಾತರಿಂದ ಹೋಯಿತು ಎಂದು ಅವನು ಯಾರಿಗೂ ಹೇಳಗೊಡಲಿಲ್ಲ. ಅವನ ಹೆಂಡತಿ ಎದುರು ಬಂದಾಗಲೆಲ್ಲ ಕೈ ಮುಗಿಯುತ್ತಿದ್ದಳು. ಹಬ್ಬದ ದಿನ ನನಗೆ ಹೇಳಿದ್ದನ್ನು ಒಂದು ಸಲವೂ ಎತ್ತಿ ಆಡಲಿಲ್ಲ. ನಾನು ಅವನಿಗೆ ಹೇಳಿದ್ದೇನೆ, ಅವನೇ ಕೇಳಲಿಲ್ಲ ಎಂದುಕೊಂಡಿದ್ದಳು. ಹಾಗೆ ಅಂದುಕೊಳ್ಳಲಿ ಎಂದು ನಾನೂ ಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

ಒಂದು ದಿನ ಡಯಾಲಿಸಿಸ್ ಮುಗಿಸಿ ಬರುವಾಗ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದವನು ತಾನಾಗಿಯೇ ಮಾತು ತೆಗೆದ.

“ಅಣ್ಣಾ, ಆವತ್ತು ಮೊಳಕಾಲ್ಮುರಲ್ಲಿ ಕೇಳಿದ್ನಲ್ಲ. ನಿನ್ ಮಾತ್ರೆ ನೋಡೇ ಕೇಳಿದ್ದೆ.”

ನಾನು ಗಾಡಿಯನ್ನು ರಸ್ತೆ ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದೆ.

“ನೀನು ತಡವಾಗಿ ಬಂದ ದಿನ ಫೋಟೋಗೆ ಊದುಬತ್ತಿ ನಾನೇ ಹಚ್ತಿದ್ನಲ್ಲಾ. ಹಿಂದಿಂದ ಕೆಳಗೆ ಬಿತ್ತು. ಖಾಲಿ ಪಟ್ಟಿ ಒಂದನ್ನ ಒಯ್ದು ಮೆಡಿಕಲ್‌ನಲ್ಲಿ ತೋರಿಸ್ದೆ. ಯಾತಕ್ಕೆ ಅಂತ ಅವರೇ ಹೇಳಿದ್ರು. ಓಹೋ, ಅಣ್ಣಂಗೂ ಐತೆ ಅಂತ ನನಗೆ ಎಷ್ಟು ಧೈರ್ಯ ಬಂತು ಅಂತೀಯಾ. ನೀನು ಹೂಂ ಅಂದ್ರೆ, ನನ್ನೂ ಅಲ್ಲಿಗೇ ಕರ್ಕಂಡು ಹೋಗು ಅನ್ನೋಣ ಅಂತಿದ್ದೆ.”

“ಮತ್ತೆ ನೀನೇ ಯಾಕೋ ಹೋಗ್ಲಿಲ್ಲ?” ಎಂದೆ. ಆಗಲೂ ನನ್ನ ಬಾಯಿಗೆ ಬಂದದ್ದು ಅವನ ತಪ್ಪೇ.

“ನೀನು ಇಲ್ಲ ಅಂದ್ಯಲ್ಲ. ಯಾವ ಮಾತಿಗೂ ಹೆದರದೋನು ನೀನು. ನೀನೇ ಮುಚ್ಚಿಡ್ತೀಯಾ ಅಂದ್ರೆ, ಇದು ಹೊರಗೆ ಹೇಳೋ ಕಾಯಿಲೆ ಅಲ್ಲ ಅಂತ ತಿಳ್ಕಂಡೆ.”

ಅವನ ಧ್ವನಿಯಲ್ಲಿ ಕೋಪವಿರಲಿಲ್ಲ. ‘ರಿ’ ಹಚ್ಚಿ ಹೇಳಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಸ್ಟೇರಿಂಗ್ ಮೇಲೆ ಹಣೆಯಿಟ್ಟು ಅತ್ತೆ. ಅವನು ಬಾಗಿಲ ಪಕ್ಕದ ಬಾಟಲಿ ತೆಗೆದು ನನಗೆ ನೀರು ಕೊಟ್ಟ. ತಾನು ಕುಡಿಯುವ ಹಾಗಿರಲಿಲ್ಲ, ದಿನಕ್ಕೆ ಇಷ್ಟೇ ಲೋಟ ಎಂದು ಡಾಕ್ಟರೇ ಕಟ್ಟುಮಾಡಿದ್ದರು. ಆಮೇಲೆ ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಎರಡು ತಿಂಗಳಿಗೆ ಅವನು ಹೋದ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಹೋದ ವಾರದ ಒಂದು ಸಂಗತಿ ಬರೆಯದಿದ್ದರೆ ಇದೂ ಅರ್ಧ ಸುಳ್ಳಾಗುತ್ತದೆ.

ಬಸ್ಸಿನ ಕ್ಲಚ್ ಪ್ಲೇಟು ಬದಲಾಯಿಸಲು ಚಳ್ಳಕೆರೆಯ ಗ್ಯಾರೇಜಿಗೆ ಬಿಟ್ಟಿದ್ದೆ. ಅಲ್ಲಿಯ ಮೇಸ್ತ್ರಿ ಅರವತ್ತರ ಹತ್ತಿರದವರು, ನಮ್ಮ ಗಾಡಿ ಕೊಂಡಾಗಿನಿಂದ ಕೆಲಸ ಮಾಡುವವರು. ಗಾಡಿಯ ಕೆಳಗಿನಿಂದ ಅರ್ಧ ಗಂಟೆಯಲ್ಲಿ ಮೂರು ಸಲ ಎದ್ದು ಹಿತ್ತಲಿಗೆ ಹೋದರು. ಮೂರನೆಯ ಸಲ ಬಂದಾಗ ಮುಖ ನೋಡಿದೆ. ಆ ಮುಖ ನನಗೆ ಗೊತ್ತು.

“ಯಾಕೆ ಮೇಸ್ತ್ರಿ, ಹುಷಾರಿಲ್ವಾ?”

“ಏನಿಲ್ಲ ಬಿಡ್ರಿ, ವಯಸ್ಸಾದ್ಮೇಲೆ ಇದ್ದದ್ದೇ.”

ಹೇಳಬೇಕು ಎಂದು ಬಾಯಿ ತೆಗೆದೆ. ಬಂದ ಮಾತು ಇದು: “ನಮ್ ಭಾಯ್‌ಗೆ ಹಿಂಗೇ ಶುರುವಾಗಿದ್ದು. ತೋರಿಸ್ಕಳಿ ಮತ್ತೆ.”

“ಹೌದಾ, ಪಾಪ” ಎಂದು ಅವರು ಮತ್ತೆ ಗಾಡಿಯ ಕೆಳಗೆ ತೂರಿದರು.

ಅವನು ಕೊನೆಯವರೆಗೂ ಮುಚ್ಚಿಟ್ಟುಕೊಂಡದ್ದನ್ನು ಒಂದೇ ಮಾತಿನಲ್ಲಿ ಬೀದಿಗೆ ಹಾಕಿದ್ದೆ, ನನ್ನದನ್ನು ಮಾತ್ರ ಭದ್ರವಾಗಿ ಇಟ್ಟುಕೊಂಡಿದ್ದೆ. ಸತ್ತವನ ಮರೆಯಲ್ಲೂ ಅವಿತುಕೊಳ್ಳುವ ಬುದ್ಧಿ. ಅಲ್ಲಿ ನಿಲ್ಲಲಾಗಲಿಲ್ಲ. ಬಸ್ಸಿನೊಳಗೆ ಹೋಗಿ ನನ್ನ ಸೀಟಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಫೋಟೋ ಹಿಂದೆ ಕೈಹಾಕಿ ಮಾತ್ರೆಯ ಪಟ್ಟಿ ತೆಗೆದುಕೊಂಡು ಇಳಿದೆ. ಮೇಸ್ತ್ರಿಯ ಸ್ಪ್ಯಾನರುಗಳ ಪಕ್ಕದಲ್ಲಿ ಅದನ್ನು ಇಟ್ಟೆ.

“ಮೇಸ್ತ್ರಿ, ಇದು ನನ್ನದು. ನನಗೂ ಐತೆ. ಮೂರು ವರ್ಷದಿಂದ ನುಂಗ್ತಿದೀನಿ” ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು.

ಅವರು ಹೊರಗೆ ಬಂದು, ಹತ್ತಿಯ ವೇಸ್ಟಿನಲ್ಲಿ ಕೈ ಒರೆಸಿಕೊಂಡು, ಪಟ್ಟಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಗಲಿಲ್ಲ. ಸುತ್ತ ಯಾರಾದರೂ ಇದ್ದಾರಾ ಎಂದು ಒಮ್ಮೆ ನೋಡಿದರು, ಅಷ್ಟೇ.

“ಯಾವೂರು ಡಾಕ್ಟ್ರು?”

“ದಾವಣಗೆರೆ.”

“ಒಬ್ಬನೇ ಹೋಗೋಕೆ ಒಂಥರಾ ಆಗ್ತೈತ್ರಿ. ನೀವೂ ಬರ್ತೀರಾ?”

ಬರ್ತೀನಿ ಎಂದೆ. ಸೋಮವಾರ ಹೋಗುವುದು ಎಂದಾಯಿತು. ಅವರು ಮತ್ತೆ ಗಾಡಿಯ ಕೆಳಗೆ ತೂರಿದರು. ನಾನು ಗ್ಯಾರೇಜಿನ ಗೋಡೆಯ ಮೇಲಿದ್ದ ಗಡಿಯಾರ ನೋಡಿದೆ. ಹದಿನಾಲ್ಕು ವರ್ಷದ ಅಭ್ಯಾಸ, ಗಾಡಿ ನಿಂತರೆ ಕಣ್ಣು ಗಡಿಯಾರಕ್ಕೆ ಹೋಗುತ್ತದೆ. ನಾನು ಬಸ್ಸಿನಿಂದ ಇಳಿದು ಇನ್ನೂ ಎರಡು ನಿಮಿಷ ಆಗಿರಲಿಲ್ಲ.